ಗರಿಕೆ ಕದ್ದ ಗುಂಡ

"ಏನು ಕಚ್ಚಿದ್ದು?" ಅಂತ ನರ್ಸ್ ಕೇಳಿದರು.

"ಮೊಲ" ಅಂದೆ.

ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿದರು. "ಏನಂದ್ರಿ? ನಾಯಿನಾ?"

"ಅಲ್ಲ, ಮೊಲ. ಮನೇಲಿ ಸಾಕಿರೋ ಮೊಲ."

ಪಕ್ಕದ ಬೆಂಚಿನಲ್ಲಿ ಒಬ್ಬ ಹುಡುಗ ಕೂತಿದ್ದ. ಬೀದಿ ಗಣಪತಿಗೆ ಪೆಂಡಾಲ್ ಕಟ್ಟುವಾಗ ಏಣಿಯಿಂದ ಬಿದ್ದು ಮೊಣಕೈ ತರಚಿಕೊಂಡಿದ್ದ. ಅಷ್ಟು ನೋವಿನಲ್ಲೂ ಅವನು ಕಿಸಕ್ಕನೆ ನಕ್ಕ. ನಾನು ರೇಷ್ಮೆ ಸೀರೆ ಉಟ್ಟು, ಮುಡಿಯಲ್ಲಿ ಮಲ್ಲಿಗೆ ಇಟ್ಟುಕೊಂಡು, ಬಲಗೈಗೆ ಅಡುಗೆಮನೆ ಟವೆಲ್ ಸುತ್ತಿಕೊಂಡು ಕೂತಿದ್ದೆ. ಟವೆಲ್ ಕೆಂಪಾಗುತ್ತಿತ್ತು. ನಾಯಿ ಕಚ್ಚಿದ್ದರೆ ಅಯ್ಯೋ ಅನ್ನುವವರಾದರೂ ಇರುತ್ತಿದ್ದರು. ಪುಕ್ಕಲನಿಗೆ ಮೊಲ ಅಂತ ಹೆಸರಿಡುವ ನಾಡಿನಲ್ಲಿ ಮೊಲದಿಂದ ಕಚ್ಚಿಸಿಕೊಂಡವಳನ್ನು ನೋಡಿ ನಗದೆ ಇನ್ನೇನು ಮಾಡುತ್ತಾರೆ?

ಅವತ್ತು 2024ರ ಸೆಪ್ಟೆಂಬರ್ 7, ಗಣೇಶನ ಹಬ್ಬ. ಮೈಸೂರಿನಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಡ್ಯೂಟಿ ಡಾಕ್ಟರು ಗಾಯವನ್ನು ಸೋಪು ಹಚ್ಚಿ, ನಲ್ಲಿ ಕೆಳಗೆ ಬಹಳ ಹೊತ್ತು ತೊಳೆಸಿದರು. ಮೊಲ ಮನೆಯಿಂದ ಹೊರಗೆ ಹೋಗುತ್ತಾ, ಅದಕ್ಕೆ ನಾಯಿ ಬೆಕ್ಕು ಏನಾದರೂ ಕಚ್ಚಿತ್ತಾ ಅಂತ ಕೇಳಿದರು. ಇಲ್ಲ ಅಂದೆ. ಟಿಟಿ ಇಂಜೆಕ್ಷನ್ ಕೊಟ್ಟರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮೆತ್ತನೆಯ ಜಾಗದಲ್ಲಿ ಎರಡು ಸಣ್ಣ ಗೀರು, ಉಳಿಯಲ್ಲಿ ಕೊರೆದ ಹಾಗೆ. ಸಣ್ಣದಾಗಿದ್ದರೂ ಆಳವಾಗಿದ್ದವು.

ಗುಂಡ ನಮ್ಮ ಮನೆಗೆ ಬಂದದ್ದು ಅದೇ ವರ್ಷ ಫೆಬ್ರವರಿಯಲ್ಲಿ, ಮಗಳ ಹುಟ್ಟುಹಬ್ಬಕ್ಕೆ. ಎರಡು ತಿಂಗಳ ಮರಿ, ಮುಷ್ಟಿಯಷ್ಟೇ ದಪ್ಪ. ಬಿಳಿ ಮೈ, ಒಂದು ಕಿವಿ ಮಾತ್ರ ಬೂದಿ ಬಣ್ಣ. ಅಂಗಡಿಯವನು ಎರಡೂ ಕಿವಿ ಹಿಡಿದು ಎತ್ತಿ, ಕೆಳಗೆ ಒಂದು ಕ್ಷಣ ನೋಡಿ, "ಗಂಡು, ಗ್ಯಾರಂಟಿ" ಅಂದ. ಮೊಲವನ್ನು ಕಿವಿ ಹಿಡಿದು ಎತ್ತಬಾರದು ಅನ್ನುವುದೂ ನನಗೆ ಅವತ್ತು ಗೊತ್ತಿರಲಿಲ್ಲ. ಹಾಗೆ ಎತ್ತಿದಾಗ ಅದು ಹಿಂಗಾಲು ಝಾಡಿಸಿದರೆ ಬೆನ್ನುಮೂಳೆಯೇ ಮುರಿಯಬಹುದಂತೆ. ಅದರ ಜೊತೆಗೇ ಎರಡಡಿ ಉದ್ದದ, ತಂತಿ ತಳದ ಒಂದು ಪಂಜರವನ್ನೂ ಕೊಟ್ಟ. "ಕ್ಯಾರೆಟ್ಟು, ಕೋಸು ಹಾಕಿ ಮೇಡಂ, ಸಾಕು. ಏನೂ ತೊಂದರೆ ಇಲ್ಲದ ಪ್ರಾಣಿ."

ಮೊದಲ ಮೂರ್ನಾಲ್ಕು ತಿಂಗಳು ನಿಜಕ್ಕೂ ಏನೂ ತೊಂದರೆ ಇರಲಿಲ್ಲ. ಪಂಜರ ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನಿನ ಪಕ್ಕ. ಸಂಜೆ ಮಗಳು ಶಾಲೆಯಿಂದ ಬಂದು ಅವನನ್ನು ಎತ್ತಿಕೊಂಡು ಮನೆಯೆಲ್ಲ ತಿರುಗುತ್ತಿದ್ದಳು. ಅವಳ ಗೆಳತಿಯರು ಸಾಲಾಗಿ ನಿಂತು ಮುದ್ದು ಮಾಡುತ್ತಿದ್ದರು. ಕ್ಯಾರೆಟ್ ಕೊಟ್ಟೆವು. ಬಿಸ್ಕತ್ತು ಕೊಟ್ಟೆವು. ಚಪಾತಿ ಅಂಚು ಕೊಟ್ಟೆವು. ಎಲ್ಲವನ್ನೂ ತಿಂದ.

ಜೂನ್ ಹೊತ್ತಿಗೆ ಅವನ ರೀತಿ ಬದಲಾಯಿತು. ಮೊದಲು ಕಾಲಿನ ಸುತ್ತ ಗಿರಗಿರ ಸುತ್ತತೊಡಗಿದ, ಬಾಯಲ್ಲಿ ಸಣ್ಣ ಗುಂಯ್ ಸದ್ದು. ನಮಗೆ ಅದು ಆಟವಾಗಿ ಕಂಡಿತು. ಆಮೇಲೆ ಪಂಜರದೊಳಗೆ ಕೈ ಹಾಕಿದರೆ ಮುಂಗಾಲುಗಳಲ್ಲಿ ಟಪಟಪ ಹೊಡೆಯಲು ಶುರು ಮಾಡಿದ. ಆಮೇಲೆ ಕಿವಿ ಹಿಂದಕ್ಕೆ ಮಡಚಿ, ಬಾಲ ಮೇಲಕ್ಕೆತ್ತಿ, 'ಗುರ್' ಅಂತ ನುಗ್ಗುವುದು. ಮೊಲ ಗುರ್ ಅನ್ನುತ್ತದೆ ಅಂದರೆ ಯಾರೂ ನಂಬುವುದಿಲ್ಲ, ಅಲ್ವಾ? ನನ್ನ ಅಕ್ಕನಿಗೆ ಫೋನಿನಲ್ಲಿ ಆ ಸದ್ದು ಕೇಳಿಸಿದೆ. "ಮಿಕ್ಸಿ ಆಫ್ ಮಾಡಿ ಮಾತಾಡು" ಅಂದಳು.

ಅವನಿಗೆ ಎಲ್ಲಕ್ಕಿಂತ ಜಾಸ್ತಿ ದ್ವೇಷ ಇದ್ದದ್ದು ಹಸಿರು ಪ್ಲಾಸ್ಟಿಕ್ ಮೊರದ ಮೇಲೆ. ಪಂಜರದ ಕಸ ತೆಗೆಯಲು ಅದನ್ನು ಒಳಗೆ ತಂದರೆ ಸಾಕು, ಹಾರಿ ಬಂದು ಅದರ ಅಂಚು ಕಚ್ಚಿ ಅಲ್ಲಾಡಿಸುತ್ತಿದ್ದ. ಕಸಬರಿಕೆಯ ಕಡ್ಡಿಗಳನ್ನು ಒಂದೊಂದಾಗಿ ಕತ್ತರಿಸಿ ಹಾಕಿದ್ದ. ಕೆಲಸಕ್ಕೆ ಬರುವಾಕೆ "ನಾನು ಆ ಕಡೆ ಗುಡಿಸಲ್ಲ ಅಕ್ಕಾ" ಅಂತ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ತಿನ್ನಿಸಿ ತಿನ್ನಿಸಿ ಸೊಕ್ಕು ಬಂದಿದೆ" ಅಂದರು ಅತ್ತೆ. ನಮ್ಮೆಲ್ಲರ ತೀರ್ಪೂ ಅದೇ ಆಗಿತ್ತು. ನನ್ನ ಗಂಡ ಪೇಪರ್ ಸುರುಳಿ ಮಾಡಿ ಪಂಜರದ ಮೇಲೆ ಬಡಿದು ಗದರುತ್ತಿದ್ದರು. ಬಡಿದಷ್ಟೂ ಅವನ ಸಿಟ್ಟು ಹೆಚ್ಚಾಯಿತು. ಮಗಳ ಮುಂಗೈ ತುಂಬ ಉಗುರಿನ ಗೀರು. ಅವಳು ಯುಟಿಲಿಟಿ ಕಡೆ ಹೋಗುವುದನ್ನೇ ಬಿಟ್ಟಳು. ಗೆಳತಿಯರೂ ಬರಲಿಲ್ಲ. ಜುಲೈ, ಆಗಸ್ಟ್ ಪೂರ್ತಿ ಗುಂಡ ಹೆಚ್ಚುಕಡಿಮೆ ಆ ಎರಡಡಿಯಲ್ಲೇ ಕಳೆದ. ಕಚ್ಚುತ್ತಾನೆ ಅಂತ ಹೊರಗೆ ಬಿಡುತ್ತಿರಲಿಲ್ಲ. ಹೊರಗೆ ಬಿಡದ್ದಕ್ಕೇ ಇನ್ನೂ ಕಚ್ಚುತ್ತಿದ್ದಾನೆ ಅನ್ನುವುದು ನಮ್ಮ ಯಾರ ತಲೆಗೂ ಹೊಳೆಯಲಿಲ್ಲ.

ಹಬ್ಬದ ಬೆಳಗ್ಗೆ ಅತ್ತೆ ಪಕ್ಕದ ಖಾಲಿ ಸೈಟಿಗೆ ಹೋಗಿ ಗರಿಕೆ ಕಿತ್ತು ತಂದಿದ್ದರು. ಒಂದೊಂದಾಗಿ ತೊಳೆದು, ಒಣಗಿದ್ದನ್ನು ತೆಗೆದು, ಇಪ್ಪತ್ತೊಂದು ಗರಿಕೆಯ ಕಟ್ಟು ಕಟ್ಟಿ ತಟ್ಟೆಯಲ್ಲಿಟ್ಟು ದೇವರ ಮನೆ ಬಾಗಿಲಲ್ಲಿ ಇಟ್ಟರು. ಹಬ್ಬ ಅಲ್ವಾ ಪಾಪ ಅಂತ ಮಗಳು ಎಷ್ಟೋ ದಿನದ ಮೇಲೆ ಪಂಜರದ ಬಾಗಿಲು ತೆಗೆದಳು. ನಾನು ಅಡುಗೆಮನೆಯಲ್ಲಿ ಕಡುಬಿನ ಕಣಕ ಕಲಸುತ್ತಿದ್ದೆ.

"ಗರಿಕೆ ಎಲ್ಲಿ?" ಅಂತ ಅತ್ತೆಯ ದನಿ.

ತಟ್ಟೆ ಖಾಲಿ. ತಿರುಗಿ ನೋಡಿದರೆ ಗುಂಡ ಹಜಾರದಲ್ಲಿ ಓಡುತ್ತಿದ್ದಾನೆ. ಬಾಯಲ್ಲಿ ಗರಿಕೆ ಅಡ್ಡಡ್ಡ, ಹುರಿ ಮಾಡಿದ ಮೀಸೆಯ ಹಾಗೆ ಎರಡೂ ಕಡೆ ಚಾಚಿಕೊಂಡಿದೆ. ತಿನ್ನುತ್ತಿರಲಿಲ್ಲ, ಹೊತ್ತುಕೊಂಡು ಹೋಗುತ್ತಿದ್ದ. ಅವತ್ತು ಅದನ್ನು ನಾನು ಗಮನಿಸಬೇಕಿತ್ತು. ಸೀದಾ ಅತ್ತೆಯ ಕೋಣೆಗೆ ಹೋಗಿ ಮಂಚದ ಕೆಳಗೆ ನುಗ್ಗಿದ.

ಪುರೋಹಿತರು ಬರುವ ಹೊತ್ತು. ಸೀರೆ ಮೇಲೆತ್ತಿ ಕಟ್ಟಿ, ನೆಲದ ಮೇಲೆ ಮಲಗಿ, ಮಂಚದ ಕೆಳಗೆ ಕೈ ತೂರಿಸಿದೆ. ಕತ್ತಲಲ್ಲಿ ಮೊದಲು ಗುರ್ ಅಂದ. ಅದು ಎಚ್ಚರಿಕೆ. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. ದಪ್ಪ್ ಅಂತ ಹಿಂಗಾಲಲ್ಲಿ ನೆಲ ಒದ್ದ. ಅದೂ ಎಚ್ಚರಿಕೆಯೇ. ಗರಿಕೆಯ ತುದಿ ಬೆರಳಿಗೆ ಸಿಕ್ಕಿತು, ಎಳೆದೆ. ಆಮೇಲೆ ಆದದ್ದನ್ನು ನರ್ಸ್ ಹತ್ತಿರ ಹೇಳಿದ್ದೆನಲ್ಲ. ಸುಮ್ನೆ ಕಚ್ಚಿ ಬಿಟ್ಟಿದ್ದರೆ ಇಷ್ಟಾಗುತ್ತಿರಲಿಲ್ಲ, ಕಚ್ಚಿ ಹಿಡಿದುಕೊಂಡಿದ್ದ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಮಧ್ಯಾಹ್ನ. ಪೂಜೆಯನ್ನು ಬೇರೆ ಗರಿಕೆ ತಂದು ಮುಗಿಸಿದ್ದರು. ನನ್ನ ಗಂಡ ಊಟದ ಮುಂದೆ ಕೂತು ತೀರ್ಮಾನ ಹೇಳಿದರು: "ನಾಳೆ ಚಾಮುಂಡಿ ಬೆಟ್ಟದ ಹತ್ತಿರ ಬಿಟ್ಟು ಬರ್ತೀನಿ. ಮೊಲ ತಾನೇ, ಕಾಡಲ್ಲಿ ಬದುಕಿಕೊಳ್ಳುತ್ತೆ."

ಮಗಳು ಅಳಲು ಶುರು ಮಾಡಿದಳು. ನಾನು ಏನೂ ಹೇಳಲಿಲ್ಲ. ಕೈ ಸಿಡಿಯುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಅನ್ನಿಸಿತ್ತು.

ತಡೆದವರು ಅತ್ತೆ. ಅವರು ಹುಣಸೂರು ಕಡೆಯ ಹಳ್ಳಿಯವರು. "ಈ ಬಿಳೀ ಮೊಲ ಬೆಟ್ಟದಲ್ಲಿ ಒಂದು ರಾತ್ರಿ ಉಳಿಯಲ್ಲ, ನಾಯಿ ಬಾಯಿಗೆ ಹೋಗುತ್ತೆ. ನಮ್ಮ ಹೊಲದ ಮೊಲವೇ ಬೇರೆ" ಅಂದರು. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ, ಅವರು ಹೇಳಿದ್ದು ನಿಜ. ಕನ್ನಡದಲ್ಲಿ ನಾವು ಎರಡಕ್ಕೂ ಮೊಲ ಅಂತಲೇ ಅನ್ನುತ್ತೇವೆ. ಆದರೆ ನಮ್ಮ ಹೊಲಗಳ ಕಂದು ಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ಇರುತ್ತದೆ. ಅದರ ಮರಿಗಳು ಮೈತುಂಬ ಕೂದಲಿಟ್ಟುಕೊಂಡು, ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತವೆ. ನಾವು ಸಾಕುವುದು ಸ್ಪೇನ್, ಪೋರ್ಚುಗಲ್ ಕಡೆಯ ಕಾಡುಮೊಲದ ಸಂತತಿ. ಅದು ಬಿಲದಲ್ಲಿ ಬಾಳುವ ಪ್ರಾಣಿ. ಮರಿಗಳು ಬೋಳು ಮೈಯಲ್ಲಿ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತವೆ. ಅದಕ್ಕೇ ಅವು ಹುಟ್ಟುವ ಮೊದಲೇ ತಾಯಿ ಮೆತ್ತನೆಯ ಗೂಡು ಮಾಡಿಡಬೇಕು.

ಗೂಡನ್ನು ಮೊದಲು ಗುರುತಿಸಿದ್ದೂ ಅತ್ತೆಯೇ. ಸಂಜೆ ಗುಂಡ ಯುಟಿಲಿಟಿಗೆ ನೀರು ಕುಡಿಯಲು ಹೋದಾಗ ಬಾಗಿಲು ಹಾಕಿ, ಟಾರ್ಚ್ ಹಿಡಿದು ಮಂಚದ ಕೆಳಗೆ ನೋಡಿದರು. ಮೂಲೆಯಲ್ಲಿ ಗರಿಕೆಯನ್ನು ದುಂಡಗೆ ಬಟ್ಟಲಿನ ಹಾಗೆ ಹರಡಿ, ಅದರ ಮೇಲೆ ಬಿಳಿ ತುಪ್ಪಳ ಹಾಸಿತ್ತು. ಹತ್ತಿ ಅರಳಿಸಿಟ್ಟ ಹಾಗೆ. ನಾವು ಎರಡು ದಿನದಿಂದ ಮನೆಯಲ್ಲಿ ತುಪ್ಪಳ ಹಾರಾಡುತ್ತಿದೆ, ಏನೋ ಚರ್ಮರೋಗ ಬಂದಿದೆ ಅಂದುಕೊಂಡಿದ್ದೆವು. ತನ್ನ ಕುತ್ತಿಗೆ ಕೆಳಗಿನ ಕೂದಲನ್ನು ತಾನೇ ಕಿತ್ತು ಹಾಸಿದ್ದ.

ಅತ್ತೆ ಸೊಂಟ ಹಿಡಿದುಕೊಂಡು ಎದ್ದು ಕೂತರು. "ಇದು ಗೂಡು ಕಣೇ. ಗಂಡು ಗೂಡು ಕಟ್ಟುತ್ತಾ?"

"ಅಂಗಡಿಯವನು ಗಂಡು ಅಂದಿದ್ದ" ಅಂದರು ನನ್ನ ಗಂಡ.

"ಅವನು ಹಿಡಿದ ಮೊಲಕ್ಕೆ ಮೂರೇ ಕಾಲು!" ಅಂದರು ಅತ್ತೆ. ಈ ಗಾದೆಗೆ ಇಷ್ಟು ಸರಿಯಾದ ಜಾಗ ನನ್ನ ಜೀವನದಲ್ಲಿ ಇನ್ನೊಮ್ಮೆ ಸಿಗಲಾರದು.

ಮಗಳು ಅಳು ನಿಲ್ಲಿಸಿ ಕೇಳಿದಳು, "ಹಾಗಾದ್ರೆ ಇವನ ಹೆಸರು ಗುಂಡಿನಾ?" ಸೋಫಾದ ಹಿಂಭಾಗದಲ್ಲಿ ಆಗಲೇ ಒಂದು ದೊಡ್ಡ ಗುಂಡಿ ತೋಡಿದ್ದಳಾದ್ದರಿಂದ ಹೆಸರು ಯಾರ ವಿರೋಧವೂ ಇಲ್ಲದೆ ನಿಂತಿತು.

ಆದರೆ ಮನೆಯಲ್ಲಿ ಇನ್ನೊಂದು ಮೊಲವೇ ಇಲ್ಲ, ಮರಿ ಎಲ್ಲಿಂದ? ಹತ್ತಿರದ ಪಶುವೈದ್ಯರು "ನಾನು ಹಸು, ನಾಯಿ ನೋಡೋನು. ಮೊಲ ಗೊತ್ತಿರೋರ ಹತ್ತಿರ ಹೋಗಿ" ಅಂತ ನೇರವಾಗಿ ಹೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದ ಅವರಿಗೆ ನಾನು ಇವತ್ತಿಗೂ ಋಣಿ. ಬೆಂಗಳೂರಿನಲ್ಲಿ ಮೊಲ, ಗಿಳಿ, ಆಮೆ ನೋಡುವ ಒಬ್ಬ ವೈದ್ಯೆಯ ನಂಬರ್ ಅಕ್ಕ ಹುಡುಕಿ ಕೊಟ್ಟಳು. ಫೋನಿನಲ್ಲೇ ಅವರು ಹೇಳಿದರು: ಅದು ಸುಳ್ಳು ಬಸಿರು. ಗಂಡಿನ ಸಂಗ ಇಲ್ಲದೆಯೂ ಹೆಣ್ಣು ಮೊಲಗಳಿಗೆ ಹೀಗಾಗುತ್ತದೆ. ಎರಡು ಎರಡೂವರೆ ವಾರ ಮೈಯೆಲ್ಲ ಬಸುರಿಯದೇ. ಗೂಡು ಕಟ್ಟುತ್ತವೆ, ಕೂದಲು ಕೀಳುತ್ತವೆ, ಗೂಡಿನ ಹತ್ತಿರ ಬಂದವರ ಮೇಲೆ ಬೀಳುತ್ತವೆ. ಈಗ ಗೂಡು ಕಿತ್ತುಹಾಕಬೇಡಿ, ಮತ್ತೆ ಮೊದಲಿನಿಂದ ಕಟ್ಟಲು ಶುರು ಮಾಡುತ್ತಾಳೆ.

ಇದನ್ನು ಕೇಳಿದ ಮೇಲೆ ಅತ್ತೆ ಪಕ್ಷ ಬದಲಾಯಿಸಿದರು. "ಬಾಣಂತಿ ಮಂಚದ ಕೆಳಗೆ ಕೈ ಹಾಕಿದ್ರೆ ಯಾರು ಸುಮ್ನಿರ್ತಾರೆ?" ಅಂತ ನನಗೇ ಬೈದರು. ತಪ್ಪೆಲ್ಲ ನನ್ನದಾಯಿತು. ಆ ಕೋಣೆಗೆ ಒಂದು ವಾರ ಯಾರೂ ಗುಡಿಸಲೂ ಹೋಗುವಂತಿರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಬಿಸಿಲು ಏರುವ ಮೊದಲು ಸೇರಬೇಕು ಅಂತ ಬೆಳಗ್ಗೆ ಐದಕ್ಕೇ ಹೊರಟೆವು. ಮೊಲಕ್ಕೆ ಬೆವರುವುದು ಗೊತ್ತಿಲ್ಲ. ಮೈಯ ಬಿಸಿ ಹೊರಗೆ ಹೋಗುವುದು ಮುಖ್ಯವಾಗಿ ಕಿವಿಯಿಂದ. ಕಾರಿನೊಳಗೆ ಬಿಸಿಯಾದರೆ ಜೀವಕ್ಕೇ ಅಪಾಯ. ಸುಮಾರು 145 ಕಿಲೋಮೀಟರ್ ದಾರಿ ಪೂರ್ತಿ ಅವಳು ಬುಟ್ಟಿಯಲ್ಲಿ ಮೈ ಗಟ್ಟಿ ಮಾಡಿಕೊಂಡು ಕೂತಿದ್ದಳು.

ಆ ವೈದ್ಯೆ ಮಾಡಿದ ಮೊದಲ ಕೆಲಸ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಬುಟ್ಟಿಯನ್ನು ಮೇಜಿನ ಮೇಲೆ ಇಡಿಸಲಿಲ್ಲ. ನೆಲದ ಮೇಲೆ ಇಡಿಸಿ, ಬಾಗಿಲು ತೆಗೆದು, ತಾವೂ ನೆಲದ ಮೇಲೆ ಪಕ್ಕಕ್ಕೆ ತಿರುಗಿ ಕೂತು ನನ್ನ ಹತ್ತಿರ ಮಾತಾಡತೊಡಗಿದರು. ಗುಂಡಿಯನ್ನು ನೋಡಲೇ ಇಲ್ಲ. ಹತ್ತು ನಿಮಿಷವಾದ ಮೇಲೆ ಅವಳು ಮೂಗು ಹೊರಗೆ ಹಾಕಿದಳು. ಇನ್ನೂ ಸ್ವಲ್ಪ ಹೊತ್ತಿಗೆ ಪೂರ್ತಿ ಹೊರಬಂದು ಅವರ ಚಪ್ಪಲಿ ಮೂಸಿದಳು.

"ನೀವು ಮನೇಲಿ ಹೇಗೆ ಮುಟ್ತೀರಿ, ತೋರಿಸಿ" ಅಂದರು. ನಾನು ನಾಯಿಗೆ ಚಾಚುವ ಹಾಗೆ ಮೂಗಿನ ಮುಂದೆ ಕೈ ಚಾಚಿದೆ. ಗುರ್! ಅವರು ನಕ್ಕರು. ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರುತ್ತದೆ, ಹಿಂದೆ ಮೇಲೆ ಎಲ್ಲ ಕಾಣುತ್ತದೆ, ಆದರೆ ಮೂಗಿನ ನೇರ ಮುಂದೆ ಇರುವುದು ಮಾತ್ರ ಕಾಣುವುದಿಲ್ಲ. ನಿಮ್ಮ ಕೈ ಅವಳಿಗೆ ಎಲ್ಲಿಂದಲೋ ಮಾಯವಾಗಿ ಎಲ್ಲಿಂದಲೋ ಬಂದು ಬಿದ್ದ ಹಾಗೆ. ಇನ್ನು ಮೇಲಿನಿಂದ ಬಂದು ಎತ್ತಿಕೊಂಡರೆ? "ಅವಳನ್ನು ಮೇಲಿನಿಂದ ಬಂದು ಎತ್ತಿಕೊಂಡು ಹೋಗೋದು ಯಾರು ಹೇಳಿ? ಹದ್ದು." ನಮ್ಮ ಪಂಜರದ ಬಾಗಿಲು ಇದ್ದದ್ದೇ ಮೇಲ್ಗಡೆ. ಎಂಟು ತಿಂಗಳು, ದಿನಕ್ಕೆ ಐದಾರು ಸಲ, ನಾವು ಅವಳಿಗೆ ಹದ್ದಾಗಿದ್ದೆವು.

ಆಮೇಲೆ ಪಾದ ತೋರಿಸಿದರು. ಹಿಂಗಾಲಿನ ಅಡಿಯಲ್ಲಿ ಇರಬೇಕಾದ ದಪ್ಪ ತುಪ್ಪಳ ಸವೆದುಹೋಗಿ ಚರ್ಮ ಕೆಂಪಗೆ ಹುಣ್ಣಾಗಿತ್ತು. ಮೊಲಕ್ಕೆ ನಾಯಿ ಬೆಕ್ಕಿನ ಹಾಗೆ ಪಾದದಲ್ಲಿ ಮೆತ್ತೆ ಇರುವುದಿಲ್ಲ, ಆ ತುಪ್ಪಳವೇ ಮೆತ್ತೆ. ತಂತಿಯ ಮೇಲೆ ನಿಂತು ನಿಂತು ಹೀಗಾಗಿತ್ತು. ಸಣ್ಣ ಬೆಳಕಿನ ಕೊಳವೆ ಇಟ್ಟು ಬಾಯೊಳಗೆ ನೋಡಿ, ದವಡೆಯ ಹಲ್ಲೊಂದು ಮುಳ್ಳಿನ ಹಾಗೆ ಬೆಳೆದು ಕೆನ್ನೆಗೆ ಚುಚ್ಚುತ್ತಿದೆ ಅಂದರು. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಅದು ಸವೆಯಬೇಕಾದರೆ ದಿನವಿಡೀ ಒಣಹುಲ್ಲು ಅಗಿಯಬೇಕು. "ಹುಲ್ಲು ಎಷ್ಟು ಕೊಡ್ತೀರಿ?" ಅಂತ ಕೇಳಿದರು. ನಾನು ನೆಲ ನೋಡಿದೆ. ಎಂಟು ತಿಂಗಳಲ್ಲಿ ಅವಳಿಗೆ ಸಿಕ್ಕ ಹುಲ್ಲೆಂದರೆ ದೇವರಿಂದ ಕದ್ದ ಆ ಗರಿಕೆ ಒಂದೇ.

ಪಾದ ನೋವು, ಹಲ್ಲು ನೋವು, ಮೇಲಿನಿಂದ ಹದ್ದು, ಮೈಯೊಳಗೆ ಬಸಿರಿನ ಗದ್ದಲ. ಇಷ್ಟೆಲ್ಲ ಇಟ್ಟುಕೊಂಡು ಅವಳು ಎರಡಡಿ ಜಾಗ ಕಾಯುತ್ತಿದ್ದಳು. ನಾವು ಅದಕ್ಕೆ ಸೊಕ್ಕು ಅಂತ ಹೆಸರಿಟ್ಟಿದ್ದೆವು.

ಅಲ್ಲೇ ಇನ್ನೊಂದು ಗಂಡಾಂತರ ತಪ್ಪಿತು. ಪಾದ ಕೆಂಪಾಗಿದ್ದನ್ನು ನನ್ನ ಗಂಡ ಹಿಂದಿನ ವಾರವೇ ನೋಡಿದ್ದರಂತೆ. "ಮಗಳಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಮನೇಲಿ ಇತ್ತು, ಎರಡು ಹನಿ ಹಾಕೋಣ ಅಂತಿದ್ದೆ" ಅಂದರು. ವೈದ್ಯೆ ಎರಡೂ ಕೈ ಎತ್ತಿಬಿಟ್ಟರು. ಆ ಔಷಧಿ ಬಾಯಿಯಿಂದ ಕೊಟ್ಟರೆ ಮೊಲದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯಬಹುದಂತೆ. ನಾಯಿಗೆ ಉಣ್ಣೆ ಹುಳಕ್ಕೆಂದು ಬೆನ್ನಿಗೆ ಹಾಕುವ ಫಿಪ್ರೊನಿಲ್ ಹನಿಯೂ ಮೊಲಕ್ಕೆ ವಿಷ. ಮನೆಯಲ್ಲಿರುವ ಯಾವ ಔಷಧಿಯನ್ನೂ ಮುಟ್ಟಬೇಡಿ ಅಂತ ಖಡಕ್ಕಾಗಿ ಹೇಳಿದರು.

ಗರ್ಭಕೋಶ, ಅಂಡಾಶಯ ತೆಗೆಸುವ ಆಪರೇಷನ್ ಬಗ್ಗೆ ಮನೆಯಲ್ಲಿ ಒಂದು ತಿಂಗಳು ಚರ್ಚೆ ನಡೆಯಿತು. ತೆಗೆಸದಿದ್ದರೆ ಸುಳ್ಳು ಬಸಿರು ಮತ್ತೆ ಮತ್ತೆ ಬರಬಹುದು, ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಹೆಣ್ಣು ಮೊಲಗಳಲ್ಲಿ ಬಹಳ ಸಾಮಾನ್ಯ ಅಂದಿದ್ದರು. ಅರಿವಳಿಕೆಯಲ್ಲಿ ಅಪಾಯವೂ ಇದೆ ಅಂತ ಮುಚ್ಚುಮರೆಯಿಲ್ಲದೆ ಹೇಳಿದ್ದರು. ದೀಪಾವಳಿಯ ಮೂರು ದಿನ ಪಟಾಕಿ ಸದ್ದಿಗೆ ಗುಂಡಿ ರಾತ್ರಿಯಿಡೀ ನೆಲ ಒದ್ದಳು. ನವೆಂಬರ್ 16ರ ಶನಿವಾರಕ್ಕೆ ದಿನ ಗೊತ್ತಾಯಿತು.

"ಹಿಂದಿನ ರಾತ್ರಿಯಿಂದ ಉಪವಾಸ ಅಲ್ವಾ?" ಅಂತ ಫೋನು ಮಾಡಿ ಕೇಳಿದೆ. ಬೇಡವೇ ಬೇಡ ಅಂದರು. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಆದ್ದರಿಂದ ಹೊಟ್ಟೆ ಖಾಲಿ ಇರಬೇಕಾಗಿಲ್ಲ. ಬದಲಿಗೆ ಕರುಳು ನಿಂತರೆ ಕಷ್ಟ. ಅವಳಿಗೆ ಇಷ್ಟವಾದದ್ದನ್ನೇ ಕಟ್ಟಿಕೊಂಡು ಬನ್ನಿ, ಎಚ್ಚರವಾದ ಕೂಡಲೇ ತಿನ್ನಬೇಕು. ಅತ್ತೆ ಒದ್ದೆ ಬಟ್ಟೆಯಲ್ಲಿ ಗರಿಕೆ, ಕೊತ್ತಂಬರಿ, ಮೂಲಂಗಿ ಸೊಪ್ಪು ಸುತ್ತಿ ಕೊಟ್ಟರು. ಮಗಳ ಶಾಲಾ ಪ್ರವಾಸಕ್ಕೂ ಅಷ್ಟು ಅಕ್ಕರೆಯಿಂದ ಬುತ್ತಿ ಕಟ್ಟಿರಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಕಷ್ಟವಾದದ್ದು ಆ ರಾತ್ರಿ. ರಾಜಾಜಿನಗರದ ಅಕ್ಕನ ಮನೆಯಲ್ಲಿ ಉಳಿದೆವು. ನೋವಿಗೆ ಔಷಧಿ ಕೊಟ್ಟಿದ್ದರು. ಜೊತೆಗೆ ಕೊಟ್ಟಿದ್ದ ಆಹಾರದ ಪುಡಿಯನ್ನು ನೀರಲ್ಲಿ ಕಲಸಿ ಸಿರಿಂಜಿನಲ್ಲಿ ಮೂರ್ನಾಲ್ಕು ಗಂಟೆಗೊಮ್ಮೆ ತಿನ್ನಿಸಬೇಕು. ಮುಖ್ಯವಾಗಿ ಹಿಕ್ಕೆ ಹಾಕುತ್ತಾಳಾ ನೋಡಬೇಕು. ಹತ್ತು ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಕರುಳು ನಿಂತಿದೆ ಅಂತ ಅರ್ಥ, ರಾತ್ರಿಯಾದರೂ ಫೋನು ಮಾಡಿ ಅಂದಿದ್ದರು.

ಎಂಟು ಗಂಟೆ. ಮೂಲೆಯಲ್ಲಿ ಮುದುರಿ ಕೂತಿದ್ದಾಳೆ. ಹತ್ತು ಗಂಟೆ. ಗರಿಕೆ ಮೂಸಿ ಮುಖ ತಿರುಗಿಸಿದಳು. ಸಿರಿಂಜ್ ಕಂಡರೆ ಹೊಡೆಯಲು ಕೈ ಎತ್ತುತ್ತಾಳೆ ಅಂದುಕೊಂಡಿದ್ದೆ, ಅದೂ ಇಲ್ಲ. ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಒಳಗೆ ಬಿಟ್ಟೆ. ಅವಳು ಗುರ್ ಅನ್ನಲಿ ಅಂತ ನಾನು ಮೊದಲ ಬಾರಿ ಬೇಡಿಕೊಂಡದ್ದು ಅವತ್ತು. ಹನ್ನೆರಡು ಗಂಟೆ. ಒಂದು ಗಂಟೆ. ಮಗಳು ಅಲ್ಲೇ ಚಾಪೆಯ ಮೇಲೆ ನಿದ್ದೆ ಹೋದಳು. ಎರಡೂ ಮುಕ್ಕಾಲಿಗೆ ಟಾರ್ಚ್ ಬಿಟ್ಟು ನೋಡಿದರೆ ಟವೆಲಿನ ಮೇಲೆ ಮೂರು ಕಾಳು. ಸಾಸಿವೆಗಿಂತ ಸ್ವಲ್ಪ ದಪ್ಪ, ವಕ್ರವಕ್ರ.

"ಹಿಕ್ಕೆ ಹಾಕಿದಳು!" ಅಂತ ಕೂಗಿದೆ. ಭಾವ ಕಳ್ಳ ಬಂದ ಅಂತ ದೊಣ್ಣೆ ಹಿಡಿದು ಓಡಿ ಬಂದರು. ನಡುರಾತ್ರಿ ನಾಲ್ಕು ಜನ ಬಗ್ಗಿ ಮೂರು ಹಿಕ್ಕೆ ನೋಡಿ ಸಂತೋಷಪಟ್ಟೆವು.

ಆಪರೇಷನ್ ಆದ ಮೇಲೆ ಗುಂಡಿ ಸಾಧುವಾಗಿ ಮನೆಗೆ ಬರುತ್ತಾಳೆ ಅಂತ ನನ್ನ ಗಂಡ ಅಂದುಕೊಂಡಿದ್ದರು. ಮನೆಗೆ ಬಂದ ಮೂರನೇ ದಿನವೇ ಅವರ ಕಾಲ್ಬೆರಳು ಕಚ್ಚಿದಳು. ಮೈಯಲ್ಲಿ ಹಾರ್ಮೋನ್ ಇಳಿಯಲು ಒಂದೆರಡು ತಿಂಗಳು ಬೇಕು, ಅಭ್ಯಾಸ ಇಳಿಯಲು ಅದಕ್ಕಿಂತ ಜಾಸ್ತಿ. ನನ್ನನ್ನು ಕೇಳಿದರೆ ನಿಜವಾದ ಬದಲಾವಣೆ ತಂದದ್ದು ಗುಜರಿ. ಪಂಜರವನ್ನು ಗುಜರಿಗೆ ಹಾಕಿದೆವು.

ಹಜಾರದ ಒಂದು ಮೂಲೆಗೆ ನಾಯಿಮರಿಗೆ ಕಟ್ಟುವ ಮಡಚುವ ಬೇಲಿ ಕಟ್ಟಿ, ನೆಲಕ್ಕೆ ಹಳೆಯ ಜಮಖಾನ ಹಾಸಿದೆವು. ಎರಡು ಬಾಗಿಲು ಕೊರೆದ ರಟ್ಟಿನ ಪೆಟ್ಟಿಗೆ ಇಟ್ಟೆವು. ಅದು ಅವಳ ಬಿಲ, ಅದರೊಳಗೆ ಯಾರೂ ಕೈ ಹಾಕುವಂತಿಲ್ಲ. ತಟ್ಟೆಯಲ್ಲಿ ಪೇಪರ್, ಅದರ ಮೇಲೆ ರಾಶಿ ಹುಲ್ಲು. ಮೊಲ ತಿನ್ನುತ್ತಲೇ ಹಿಕ್ಕೆ ಹಾಕುತ್ತದೆ, ಆದ್ದರಿಂದ ಹುಲ್ಲು ಇರುವ ಜಾಗವೇ ಪಾಯಿಖಾನೆ. ಒಂದು ವಾರದಲ್ಲಿ ಕಲಿತಳು. ಹುಲ್ಲು ಹುಡುಕುವುದೇ ಒಂದು ಕಥೆಯಾಯಿತು. ರಾಗಿ ಹುಲ್ಲನ್ನು ಮೂಸಿಯೂ ನೋಡಲಿಲ್ಲ. ಕುದುರೆ ಮೆಂತ್ಯದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮರಿಗಳಿಗಾದರೆ ಸರಿ ಅಂದಿದ್ದರು. ಕೊನೆಗೆ ಓಟ್ಸ್ ಗಿಡದ ಒಣಹುಲ್ಲನ್ನು ಆನ್‌ಲೈನಿನಲ್ಲಿ ತರಿಸಿದೆವು, ಜೊತೆಗೆ ಸೈಟಿನ ಗರಿಕೆ. ಕ್ಯಾರೆಟ್ ಈಗ ವಾರಕ್ಕೆರಡು ಸಲ, ಹೆಬ್ಬೆರಳಿನ ತುದಿಯಷ್ಟು. ಅದರಲ್ಲಿ ಸಕ್ಕರೆ ಜಾಸ್ತಿ. ಬಿಸ್ಕತ್ತು, ಚಪಾತಿ ಬಂದ್.

ಒಂದು ದಿನ ಬೆಳಗಿನ ಜಾವ ಅತ್ತೆ "ಥೂ, ತನ್ನ ಹಿಕ್ಕೆ ತಾನೇ ತಿಂತಾಳೆ" ಅಂತ ಗಾಬರಿಯಾಗಿ ಎಬ್ಬಿಸಿದರು. ಅದು ಬೇರೆ ಹಿಕ್ಕೆ. ಮೆತ್ತಗೆ, ಹೊಳಪಾಗಿ, ಪುಟ್ಟ ದ್ರಾಕ್ಷಿ ಗೊಂಚಲಿನ ಹಾಗೆ ಇರುತ್ತದೆ. ಹುಲ್ಲಿನ ಸಾರ ಮೊದಲ ಸುತ್ತಿನಲ್ಲಿ ಪೂರ್ತಿ ಸಿಗುವುದಿಲ್ಲ, ಅದಕ್ಕೆ ಎರಡನೇ ಸಲ ತಿನ್ನುತ್ತದೆ. ಹಸು ಮೆಲುಕು ಹಾಕುವುದಿಲ್ಲವೇ, ಹಾಗೇ ಅಂದೆ. "ಹಸು ಬಾಯಲ್ಲೇ ಮುಗಿಸುತ್ತಪ್ಪ" ಅಂತ ಗೊಣಗಿ ಹೋಗಿ ಮಲಗಿದರು.

ಗುಡಿಸುವುದು ಅವಳು ಹೊರಗೆ ಓಡಾಡುವಾಗ ಮಾತ್ರ. ಅವಳು ಚುರುಕಾಗಿರುವುದು ಮುಂಜಾನೆ ಮತ್ತು ಮುಸ್ಸಂಜೆ, ಮಧ್ಯಾಹ್ನ ಎಬ್ಬಿಸಿದರೆ ನಮಗೇ ನಷ್ಟ. ಎತ್ತಿಕೊಳ್ಳುವುದನ್ನು ಪೂರ್ತಿ ನಿಲ್ಲಿಸಿದೆವು. ಮಗಳು ದಿನಾ ಸಂಜೆ ನೆಲದ ಮೇಲೆ ಬೋರಲು ಮಲಗಿ, ಅವಳ ಕಡೆ ನೋಡದೆ, ಸಮಾಜ ವಿಜ್ಞಾನದ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ವಿಜಯನಗರ ಸಾಮ್ರಾಜ್ಯದ ಪತನ ಗುಂಡಿಗೆ ಬಾಯಿಪಾಠ ಬರಬೇಕು, ಅಷ್ಟು ಸಲ ಕೇಳಿದ್ದಾಳೆ. ನಾನು ತೋಟದ ದಪ್ಪ ಕೈಗವಸು ಹಾಕಿಕೊಂಡು ಪಕ್ಕದಿಂದ ಕೈ ತಂದು ಹಣೆ ಸವರುವುದನ್ನು ಕಲಿತೆ. ನುಗ್ಗಿ ಬಂದರೆ ಕೈ ಸರಕ್ಕನೆ ಎಳೆದುಕೊಳ್ಳಬಾರದು. ಎಳೆದುಕೊಂಡರೆ ಓಡಿಸಿದೆ ಅಂತ ಅವಳಿಗೆ ಖಾತ್ರಿಯಾಗುತ್ತದೆ. ಅಂಗೈಯನ್ನು ಮೆಲ್ಲಗೆ ಅವಳ ತಲೆಯ ಮೇಲಿಟ್ಟು, ಒಂದು ಕ್ಷಣ ಇಟ್ಟುಕೊಂಡು, ಹಾಗೇ ಸವರಬೇಕು. ಹೇಳುವುದು ಸುಲಭ. ಗಾಯ ವಾಸಿಯಾದ ಮೇಲೂ ತಿಂಗಳುಗಟ್ಟಲೆ ನನ್ನ ಕೈ ತಾನಾಗೇ ಹಿಂದಕ್ಕೆ ಹಾರುತ್ತಿತ್ತು. ಹೊಡೆಯುವುದಂತೂ ದಂಡ. ಹೊಡೆತಕ್ಕೂ ತಾನು ಮಾಡಿದ್ದಕ್ಕೂ ಸಂಬಂಧ ಇದೆ ಅಂತ ಅವಳಿಗೆ ತಿಳಿಯುವುದಿಲ್ಲ, ನಾವು ಹದ್ದು ಅನ್ನುವುದು ಮಾತ್ರ ತಿಳಿಯುತ್ತದೆ.

ಸಂಕ್ರಾಂತಿ ಕಳೆದು ಒಂದು ವಾರ ಆಗಿರಬೇಕು. ನಾನು ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಗುಂಡಿ ಬಂದು ನನ್ನ ಪಾದಕ್ಕೆ ಗಲ್ಲ ಉಜ್ಜಿ ಹೋದಳು. ಮೊಲದ ಗಲ್ಲದ ಕೆಳಗೆ ವಾಸನೆಯ ಗ್ರಂಥಿ ಇದೆ, ತನ್ನದು ಅನ್ನಿಸಿದ್ದಕ್ಕೆಲ್ಲ ಅದನ್ನು ಒರೆಸಿ ಗುರುತು ಹಾಕುತ್ತದೆ. ಅದಕ್ಕೂ ಮೊದಲು ಸೋಫಾ ಕಾಲಿಗೆ, ಬಾಗಿಲ ಚೌಕಟ್ಟಿಗೆ, ಇವರ ಲ್ಯಾಪ್‌ಟಾಪ್ ಬ್ಯಾಗಿಗೆ ಎಲ್ಲ ಗುರುತು ಬಿದ್ದಿತ್ತು. ನನ್ನ ಸರದಿ ಬ್ಯಾಗಿನ ನಂತರ ಬಂತು. ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ ಸುಮ್ನೆ ಕೂತಿದ್ದೆ.

ಸಾಧುವೇನೂ ಆಗಿಲ್ಲ. ಈಗಲೂ ಎತ್ತಿಕೊಳ್ಳಲು ಬಿಡುವುದಿಲ್ಲ. ಉಗುರು ಕತ್ತರಿಸುವ ದಿನ ಇಬ್ಬರು ಬೇಕು, ಟವೆಲಿನಲ್ಲಿ ಸುತ್ತಬೇಕು. ಮೂರು ಮೊಬೈಲ್ ಚಾರ್ಜರಿನ ವೈರು ತುಂಡಾದ ಮೇಲೆ ವೈರುಗಳಿಗೆಲ್ಲ ಪೈಪು ತೊಡಿಸಿದ್ದೇವೆ. ಏಪ್ರಿಲಿನ ಸೆಕೆಯಲ್ಲಿ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಟ್ಟರೆ ಅದಕ್ಕೆ ಒರಗಿ ಕಾಲು ಚಾಚಿ ಮಲಗುತ್ತಿದ್ದಳು. ಫ್ರಿಜ್‌ನಲ್ಲಿ ದೋಸೆ ಹಿಟ್ಟಿಗೆ ಜಾಗ ಇರಲಿಲ್ಲ. ಹಸಿರು ಮೊರವನ್ನು ಎಸೆದು ನೀಲಿ ಮೊರ ತಂದೆವು. ಅದನ್ನೂ ಕಚ್ಚಿದಳು. ಚೆನ್ನಾಗಿ ನೋಡಿಕೊಂಡರೆ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ ಅಂತ ತಿಳಿದಾಗ ನನ್ನ ಗಂಡ ಬೆರಳು ಮಡಚಿ ಮಗಳ ವಯಸ್ಸು ಲೆಕ್ಕ ಹಾಕಿದರು. ಮಗಳು ಕೆಲಸಕ್ಕೆ ಸೇರಿದ ಮೇಲೂ ಗುಂಡಿ ನಮ್ಮ ಹಜಾರದಲ್ಲೇ ಇರುತ್ತಾಳೆ.

2025ರ ಗಣೇಶನ ಹಬ್ಬ ಆಗಸ್ಟ್ 27ಕ್ಕೆ ಬಂತು. ಬೆಳಗ್ಗೆ ಅತ್ತೆ ಹಜಾರದಲ್ಲಿ ಕಾಲು ಚಾಚಿ ಕೂತು ಗರಿಕೆ ಆರಿಸುತ್ತಿದ್ದರು. ಈ ಸಲ ಎರಡು ರಾಶಿ ಮಾಡಿದ್ದರು, ಎಡಕ್ಕೊಂದು, ಬಲಕ್ಕೊಂದು. ಗುಂಡಿ ಪೆಟ್ಟಿಗೆಯಿಂದ ಹೊರಗೆ ಬಂದು, ತನ್ನ ರಾಶಿಯನ್ನು ದಾಟಿ, ನೇರವಾಗಿ ಗಣಪತಿಯ ಕಟ್ಟಿಗೆ ಬಾಯಿ ಹಾಕಿದಳು. ಅತ್ತೆ ಇನ್ನೊಂದು ತುದಿ ಹಿಡಿದುಕೊಂಡರು.

"ಇದು ಅವನದು. ನಿಂದು ಅಲ್ಲಿದೆ ನೋಡು."

ಗುಂಡಿ ಗುರ್ ಅಂದಳು.

ಅತ್ತೆಯೂ ಗುರ್ ಅಂದರು.

ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಮಧ್ಯೆ ಕೈ ಹಾಕಲು ಹೋಗಲಿಲ್ಲ.